ಇಳಿದವರ ತೊಡೆನೋವು

ಬೆಂಗಳೂರಿನ ಉದ್ಯಾನಗಳ ಸಮತಟ್ಟಾದ ದಾರಿಗಳಲ್ಲಿ ಕೆಲವು ವರ್ಷಗಳಿಂದ ಓಡಿ ಅಭ್ಯಾಸವುಳ್ಳ ಓದುಗರೊಬ್ಬರು, ಈಚೆಗೆ ಗೆಳೆಯರ ಪ್ರೇರಣೆಯಿಂದ ಡಾಂಬರು ರಸ್ತೆಯನ್ನು ತೊರೆದು ಗುಡ್ಡಗಾಡಿನ ಕಾಲುದಾರಿಗಳಲ್ಲಿ ಓಡುವ ಹವ್ಯಾಸವನ್ನು, ಅಂದರೆ ಇಂದಿನ ತರುಣರು ಟ್ರೇಲ್ ರನ್ನಿಂಗ್ ಎಂದು ಕರೆಯುವುದನ್ನು, ಕೈಗೊಂಡು, ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಏರುವಾಗ ಏದುಸಿರು ಬಂದಿತಾದರೂ ಅದರಿಂದ ಯಾವ ನೋವೂ ಉಳಿಯಲಿಲ್ಲ. ಇಳಿಯುವಾಗ ಉಸಿರು ಸಲೀಸಾಗಿ, ಹರಟೆಗೂ ಬಿಡುವಿತ್ತು. ಆದರೆ ಮೂರನೆಯ ದಿನ ಬೆಳಗ್ಗೆ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಅಡ್ಡಡ್ಡಲಾಗಿ ಇಳಿಯಬೇಕಾಯಿತು. ಹಗುರವೆಂದು ತೋರಿದ ಕೆಲಸವೇ ಶಿಕ್ಷೆ ಕೊಟ್ಟುದೇಕೆ, ಇದು ಮಾಂಸಖಂಡಗಳಲ್ಲಿ ಲ್ಯಾಕ್ಟಿಕ್ ಆಮ್ಲವು ಸಂಚಯವಾದುದರ ಫಲವೆ, ಎಂಬುದು ಅವರ ಪ್ರಶ್ನೆ.

ಪ್ರಶ್ನೆಯ ಉತ್ತರಾರ್ಧಕ್ಕೆ ಮೊದಲು ಉತ್ತರ ಹೇಳಿಬಿಡುವುದು ಮೇಲು. ಏಕೆಂದರೆ ಅದು ಚಿಕ್ಕದು: ಅಲ್ಲ. ವ್ಯಾಯಾಮಶಾಲೆಗಳಲ್ಲಿಯೂ ಓಟದ ಬೂಟುಗಳನ್ನು ಮಾರುವ ಅಂಗಡಿಗಳಲ್ಲಿಯೂ ಇಂದಿಗೂ ವೇದವಾಕ್ಯವಾಗಿ ನಡೆಯುತ್ತಿರುವ ಈ ಆಮ್ಲದ ಕಥೆಗೆ ಆಧಾರವಿಲ್ಲ. ಓಟದಲ್ಲಿ ರಕ್ತಕ್ಕೆ ಬಂದು ಸೇರುವ ಲ್ಯಾಕ್ಟೇಟು, ಓಟ ನಿಂತ ತರುವಾಯ ಒಂದು ಒಂದೂವರೆ ಗಂಟೆಯೊಳಗಾಗಿ, ಇಂಧನವಾಗಿ ವಿನಿಯೋಗವಾಗಿಯೋ ಯಕೃತ್ತಿನಲ್ಲಿ ಪುನಃ ಸಕ್ಕರೆಯಾಗಿ ಮಾರ್ಪಟ್ಟೋ, ಮೊದಲಿನ ಮಟ್ಟಕ್ಕೆ ಇಳಿದುಬಿಡುತ್ತದೆ. ಅದು 48 ಗಂಟೆಗಳ ಕಾಲ ತೊಡೆಯೊಳಗೆ ಹೊಂಚುಹಾಕಿ ಕುಳಿತಿರಲಾರದು. 1983ರಲ್ಲಿ ಅಮೆರಿಕದ ಸಂಶೋಧಕರು ಕೆಲವರನ್ನು ಚಲಿಸುವ ಪಟ್ಟೆಯ ಮೇಲೆ ಒಮ್ಮೆ ಸಮತಲದಲ್ಲಿಯೂ ಒಮ್ಮೆ ಇಳಿಜಾರಿನಲ್ಲಿಯೂ ಓಡಿಸಿ ನೋಡಿದಾಗ, ಸಮತಲದಲ್ಲಿ ಲ್ಯಾಕ್ಟೇಟು ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಲ್ಯಾಕ್ಟೇಟು ಏರಲಿಲ್ಲ, ನೋವು ಬಂದಿತು. ಇಷ್ಟು ನಿಚ್ಚಳವಾದ ಸಾಕ್ಷ್ಯವು ಶರೀರವಿಜ್ಞಾನದಲ್ಲಿ ದೊರೆಯುವುದು ಅಪರೂಪ. ಆದಾಗ್ಯೂ ನಾಲ್ಕು ದಶಕಗಳು ಕಳೆದರೂ ಆಮ್ಲದ ಕಥೆ ಸಾಯಲಿಲ್ಲವೆಂದರೆ, ಸಾಕ್ಷ್ಯಕ್ಕಿಂತ ಕಥೆಗೇ ಆಯುಸ್ಸು ಹೆಚ್ಚೆಂದು ತಿಳಿಯಬೇಕಾಗುತ್ತದೆ.

ವ್ಯಾಯಾಮದ ನೋವುಗಳಲ್ಲಿ ಎರಡು ಜಾತಿ ಉಂಟೆಂಬುದನ್ನು, ಒಂದು ದಣಿದಾಗಲೇ ಬಂದು ದಣಿವಿನೊಡನೆ ಹೋಗತಕ್ಕದ್ದು, ಇನ್ನೊಂದು ಮರುದಿನ ತಲೆದೋರಿ ಹಲವು ದಿನ ನಿಲ್ಲತಕ್ಕದ್ದು ಎಂಬುದನ್ನು, ಥಿಯೊಡರ್ ಹಫ್ ಎಂಬ ಅಮೆರಿಕದ ಶರೀರವಿಜ್ಞಾನಿ 1902ರಷ್ಟು ಹಿಂದೆಯೇ ಬೆರಳಿನ ಮಾಂಸಖಂಡಗಳ ಮೇಲೆ ಪ್ರಯೋಗ ಮಾಡಿ ವಿವೇಚಿಸಿ, ಎರಡನೆಯದಕ್ಕೆ ಕಾರಣ ಮಾಂಸಖಂಡದ ಒಳಗಿನ ಸೂಕ್ಷ್ಮವಾದ ಸೀಳುಗಳೇ ಇರಬೇಕೆಂದು ಊಹಿಸಿದ್ದನು. ಊಹೆ ಬಹುಮಟ್ಟಿಗೆ ಸರಿಯೇ ಆಗಿತ್ತು. ಆದರೆ ಏರುವವನಿಗೆ ಆಗದ ಸೀಳು ಇಳಿಯುವವನಿಗೆ ಆಗುವುದೇಕೆ?

ಸುಬ್ರಹ್ಮಣ್ಯದಿಂದ 1712 ಮೀಟರ್ ಎತ್ತರದ ಕುಮಾರಪರ್ವತವನ್ನು ಹತ್ತಿ ಬಂದವರನ್ನು ಕೇಳಿದರೆ, ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಆ ಏರನ್ನು ಬಯ್ಯುವವರಿಗಿಂತ, ಇಳಿಯುವಾಗ ಕಾಲು ತಮ್ಮ ಮಾತು ಕೇಳದೆ ನಡುಗಿತೆಂದು ಹೇಳುವವರೇ ಹೆಚ್ಚು ಸಿಕ್ಕಾರು. ಏರುವಾಗ ತೊಡೆಯ ಮುಂಭಾಗದ ಮಾಂಸಖಂಡವು ಸಂಕುಚಿತವಾಗುತ್ತ, ಮಂಡಿಯನ್ನು ನೆಟ್ಟಗೆ ಮಾಡಿ, ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗಲಾದರೋ ದೇಹದ ಭಾರವು ಮಂಡಿಯನ್ನು ಮಡಿಸುತ್ತಿರುತ್ತದೆ. ಅದೇ ಮಾಂಸಖಂಡವು ಮಂಡಿ ಪೂರ್ತಿ ಮಡಿಯದಂತೆ ಬಿಗಿಹಿಡಿದು, ಸಂಕುಚಿತವಾಗಲು ಸರ್ವಪ್ರಯತ್ನ ಮಾಡುತ್ತಿರುವಾಗಲೇ ಬಲಾತ್ಕಾರವಾಗಿ ನೀಳವಾಗುತ್ತ ಹೋಗುತ್ತದೆ. ಎಳೆಯುತ್ತಲೇ ಸೋಲುವ ಈ ಕೆಲಸವನ್ನು ಶರೀರವಿಜ್ಞಾನಿಗಳು ಋಣಕಾರ್ಯವೆನ್ನುತ್ತಾರೆ. ಇದರ ಗುಣವನ್ನು ಮೊದಲು ಸ್ಪಷ್ಟವಾಗಿ ಅಳೆದ ಪ್ರಯೋಗವು ಎಷ್ಟು ಸರಳವೋ ಅಷ್ಟು ವಿನೋದಕರವೂ ಆದುದರಿಂದ, ಅದನ್ನು ಸಾವಕಾಶವಾಗಿ ಹೇಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸು ಬಾರದು.

1952ರಲ್ಲಿ ಲಂಡನ್ನಿನಲ್ಲಿ ಆಬಟ್, ಬಿಗ್ಲಂಡ್, ರಿಚಿ ಎಂಬ ಮೂವರು ಸಂಶೋಧಕರು ಎರಡು ಸ್ಥಿರ ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಅವೆರಡನ್ನೂ ಒಂದೇ ಸರಪಳಿಯಿಂದ ಜೋಡಿಸಿದರು. ಒಂದರ ಮೇಲೆ ಕುಳಿತವನು ಎಂದಿನಂತೆ ಪೆಡಲನ್ನು ಮುಂದಕ್ಕೆ ತುಳಿಯಬೇಕು. ಇನ್ನೊಂದರ ಮೇಲೆ ಕುಳಿತವನು, ಸರಪಳಿಯ ದೆಸೆಯಿಂದ ಹಿಮ್ಮುಖವಾಗಿ ತಿರುಗಿಬರುವ ಪೆಡಲುಗಳನ್ನು ತಡೆಯುತ್ತ ಕಾಲಿನಿಂದ ಒತ್ತಿಹಿಡಿಯಬೇಕು. ಒಂದೇ ಸರಪಳಿಯಾದುದರಿಂದ ಇಬ್ಬರ ಕಾಲುಗಳ ವೇಗವೂ ಒಂದೇ, ಬಲವೂ ಒಂದೇ. ಭೇದವಿದ್ದುದು ಇಷ್ಟೇ: ಒಬ್ಬನ ಮಾಂಸಖಂಡಗಳು ಸಂಕುಚಿಸುತ್ತ ಬಲವನ್ನು ಬೀರುತ್ತಿದ್ದವು, ಮತ್ತೊಬ್ಬನವು ನೀಳವಾಗುತ್ತ ಅದೇ ಬಲವನ್ನು ಬೀರುತ್ತಿದ್ದವು. ಇಬ್ಬರೂ ಸೇವಿಸಿದ ಆಮ್ಲಜನಕವನ್ನು ಅಳೆದು ನೋಡಿದಾಗ, ತುಳಿಯುವವನ ಖರ್ಚು ತಡೆಯುವವನ ಖರ್ಚಿಗಿಂತ, ನಿಧಾನವಾಗಿ ತುಳಿದಾಗ ಸುಮಾರು ಎರಡೂವರೆ ಪಟ್ಟು, ವೇಗವಾಗಿ ತುಳಿದಾಗ ಐದು ಪಟ್ಟು ಹೆಚ್ಚಾಗಿತ್ತು. ಆ ವರ್ಷವೇ ರಾಯಲ್ ಸೊಸೈಟಿಯ ಒಂದು ಸಂಜೆಯ ಸಮಾರಂಭದಲ್ಲಿ ಈ ಯಂತ್ರವನ್ನು ಪ್ರದರ್ಶನಕ್ಕಿಟ್ಟಾಗ, ತುಳಿಯುವ ಸ್ಥಾನದಲ್ಲಿ ಒಬ್ಬ ತರುಣನೂ ತಡೆಯುವ ಸ್ಥಾನದಲ್ಲಿ ಸಣ್ಣ ಮೈಕಟ್ಟಿನ ಯುವತಿಯೊಬ್ಬಳೂ ಕುಳಿತು, ಆಕೆ ವಿಶೇಷ ಶ್ರಮವಿಲ್ಲದೆ ಅಲ್ಪಕಾಲದಲ್ಲಿಯೇ ಅವನನ್ನು ಸುಸ್ತುಮಾಡಿಬಿಟ್ಟಳಂತೆ. ಗಂಭೀರವದನರಾದ ಆ ವಿದ್ವಾಂಸರು ಮನಸಾರೆ ನಕ್ಕರೆಂಬ ಸಂಗತಿಯನ್ನು ದಾಖಲೆ ಮಾಡಿದವರು, ಮಾಂಸಖಂಡಗಳ ಉಷ್ಣವನ್ನು ಅಳೆದುದಕ್ಕಾಗಿ 1922ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ, ಸ್ವತಃ ಓಟಗಾರರಾಗಿದ್ದ, ಎ. ವಿ. ಹಿಲ್ಲರು. ಲ್ಯಾಕ್ಟಿಕ್ ಆಮ್ಲವನ್ನು ಶರೀರವಿಜ್ಞಾನದ ನಟ್ಟನಡುವೆ ತಂದು ಕೂರಿಸಿದವರಲ್ಲಿ ಇವರೂ ಒಬ್ಬರೆಂಬುದು ಇತಿಹಾಸದ ಒಂದು ಸಣ್ಣ ಕುಚೇಷ್ಟೆ.

ಓದುಗರ ಹರಟೆಗೆ ಬಿಡುವು ಎಲ್ಲಿಂದ ಬಂದಿತೆಂಬುದು ಈಗ ತಿಳಿಯುತ್ತದೆ. ಇಳಿಯುವ ಕಾಲಿಗೆ ಆಮ್ಲಜನಕದ ಬೇಡಿಕೆ ಕಡಮೆ; ಉಸಿರು ಅಳೆಯುವುದು ಆ ಬೇಡಿಕೆಯನ್ನೇ ಹೊರತು ಮಾಂಸಖಂಡದ ಮೇಲೆ ಬೀಳುವ ಎಳೆತವನ್ನಲ್ಲ. ಆ ಎಳೆತದ ಸ್ವರೂಪವನ್ನು ತಿಳಿಯಲು ಒಂದು ತೇರನ್ನು ಕಲ್ಪಿಸಿಕೊಳ್ಳೋಣ. ರಥಬೀದಿಯು ಇಳಿಜಾರಾಗಿದೆ, ತೇರಿನ ಮುಂದೆ ಹೇಗೋ ಹಿಂದೆಯೂ ಹಗ್ಗವಿದೆ. ತೇರನ್ನು ಮೇಲಕ್ಕೆ ಎಳೆಯಬೇಕಾದರೆ ನೂರಾರು ಮಂದಿ ಬೇಕು. ಪ್ರತಿಯೊಬ್ಬನೂ ಹಗ್ಗವನ್ನು ಹಿಡಿದು, ಜಗ್ಗಿ, ಬಿಟ್ಟು, ಮುಂದಕ್ಕೆ ಕೈಚಾಚಿ ಮತ್ತೆ ಹಿಡಿಯಬೇಕು. ಒಂದೊಂದು ಹಿಡಿತಕ್ಕೂ ಹೊಸದಾಗಿ ಶಕ್ತಿ ವ್ಯಯವಾಗಬೇಕು. ಅದೇ ತೇರು ಇಳಿಜಾರಿನಲ್ಲಿ ತಾನಾಗಿ ಉರುಳುತ್ತಿರುವಾಗ ಹಿಂದಿನ ಹಗ್ಗವನ್ನು ಹಿಡಿದು ನಿಧಾನಗೊಳಿಸಲು ಇಪ್ಪತ್ತು ಮಂದಿ ಸಾಕು. ಅವರು ಜಗ್ಗುವುದಿಲ್ಲ, ಬಿಗಿಯಾಗಿ ಹಿಡಿಯುತ್ತಾರೆ, ಅಷ್ಟೆ. ಹಗ್ಗವು ಹಿಡಿತವನ್ನು ಬಿಡಿಸಿಕೊಂಡು ಹೋಗುತ್ತದೆ, ಅವರು ಮತ್ತೆ ಹಿಡಿಯುತ್ತಾರೆ. ಯಾರಿಗೂ ಬೆವರಿಲ್ಲ, ಏದುಸಿರಿಲ್ಲ. ಆದರೆ ಭಾರವು ನೂರಾರು ಮಂದಿಯ ಬದಲು ಇಪ್ಪತ್ತೇ ಮಂದಿಯ ಮೇಲೆ ಬಿದ್ದಿದೆ. ಸಂಜೆ ಅಂಗೈಗಳನ್ನು ತೆರೆದು ನೋಡಿದರೆ ಬೊಬ್ಬೆ ಎದ್ದಿರುವುದು ಈ ಇಪ್ಪತ್ತು ಮಂದಿಗೇ.

ಮಾಂಸಖಂಡದೊಳಗೆ ನಡೆಯುವುದೂ ಇದಕ್ಕೆ ತೀರ ಸಮೀಪವಾದದ್ದು. ಮಯೊಸಿನ್ ತಂತುಗಳ ಸಹಸ್ರಾರು ತಲೆಗಳು ಆಕ್ಟಿನ್ ತಂತುಗಳನ್ನು ಹಿಡಿದು ಎಳೆಯುವುದರಿಂದ, ತಂತುಗಳು ಒಂದರ ಪಕ್ಕದಲ್ಲೊಂದು ಜಾರಿ ಮಾಂಸಖಂಡವು ಕುಗ್ಗುತ್ತದೆಂಬ ಸಿದ್ಧಾಂತವನ್ನು, 1954ರಲ್ಲಿ, ಪರಸ್ಪರ ಬಂಧುಗಳಲ್ಲದ ಇಬ್ಬರು ಹಕ್ಸ್‌ಲಿಗಳು ತಮ್ಮ ತಮ್ಮ ಜೊತೆಗಾರರೊಡನೆ ಬೇರೆಬೇರೆಯಾಗಿ ಮುಂದಿಟ್ಟರು. ಪ್ರತಿಯೊಂದು ಎಳೆತದ ಚಕ್ರಕ್ಕೂ ಎಟಿಪಿ ಎಂಬ ಇಂಧನದ ಒಂದು ಅಣು ವ್ಯಯವಾಗುತ್ತದೆ. ನೀಳವಾಗುವ ಮಾಂಸಖಂಡದಲ್ಲಾದರೋ ಬಹುಪಾಲು ತಲೆಗಳ ಹಿಡಿತವು ಎಟಿಪಿಯ ನೆರವಿಲ್ಲದೆ ಎಳೆತದ ಬಲದಿಂದಲೇ ಬಿಡಿಸಲ್ಪಡುತ್ತದೆ. ಇತ್ತ, ಹಿಂದಿನ ಪ್ರಯೋಗದ ಬಿಗ್ಲಂಡರೇ 1954ರಲ್ಲಿ ಲಿಪ್ಪೊಲ್ಡರೊಡಗೂಡಿ ಮಾಂಸಖಂಡದ ವಿದ್ಯುತ್ತನ್ನು ಅಳೆದು, ಒಂದೇ ಪ್ರಮಾಣದ ಬಲಕ್ಕೆ ನೀಳವಾಗುವಾಗ ಕಾಣುವ ವಿದ್ಯುಚ್ಚಟುವಟಿಕೆ ಕುಗ್ಗುವಾಗಿನದಕ್ಕಿಂತ ಕಡಮೆಯೆಂದು ತೋರಿಸಿದರು. ಅಂದರೆ ಕೆಲಸಕ್ಕೆ ಕರೆ ಬರುವುದು ಕೆಲವೇ ನಾರುಗಳಿಗೆ. ಹೊರೆಯೆಲ್ಲ ಅವುಗಳ ಮೇಲೆ.

ಬೊಬ್ಬೆಗಳನ್ನು ಕಣ್ಣಾರೆ ಕಂಡದ್ದು ಮಾತ್ರ ಬಹಳ ತಡವಾಗಿ. ಸ್ವೀಡನ್ನಿನ ಫ್ರೀಡೆನ್ ಮತ್ತು ಸಂಗಡಿಗರು 1981ರಲ್ಲಿ, ಮೆಟ್ಟಿಲುಗಳನ್ನು ಪದೇ ಪದೇ ಓಡಿ ಇಳಿದವರ ಮೀನಖಂಡದಿಂದ ಸಣ್ಣ ಚೂರುಗಳನ್ನು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ತಂತುಗಳನ್ನು ಸಾಲಾಗಿ ಹಿಡಿದಿಡುವ ಅಡ್ಡಗೆರೆಗಳು ಅಲ್ಲಲ್ಲಿ ಹಂಚಿಹೋಗಿದ್ದುದು ಕಂಡುಬಂದಿತು. ಗಾಯವಾದ ಕ್ಷಣದಲ್ಲಿ ನೋವಿಲ್ಲ. ಆ ಬಳಿಕ ಕ್ಯಾಲ್ಸಿಯಂ ಸೋರಿಕೆ, ಊತ, ದುರಸ್ತಿಗೆ ಬರುವ ಜೀವಕೋಶಗಳ ಸಡಗರ, ಇವು ನರಾಗ್ರಗಳನ್ನು ಕೆರಳಿಸಲು ಒಂದು ದಿನವಾದರೂ ಹಿಡಿಯುತ್ತದೆ. ನೋವು ಶಿಖರಕ್ಕೇರುವುದು 24ರಿಂದ 72 ಗಂಟೆಗಳ ನಡುವೆ.

ಈ ಅಧ್ಯಾಯದಲ್ಲಿ ನನಗೆ ಅತ್ಯಂತ ಪ್ರಿಯವಾದುದು ಮುಂದಿನ ಸಂಗತಿ. ಒಮ್ಮೆ ಹೀಗೆ ಪೆಟ್ಟುತಿಂದ ಮಾಂಸಖಂಡವು, ದುರಸ್ತಿಯಾದ ಮೇಲೆ, ಅದೇ ಇಳಿಜಾರನ್ನು ಎರಡನೆಯ ಸಲ ಇಳಿದಾಗ ಬಹಳ ಕಡಮೆ ನೋಯುತ್ತದೆ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅರ್ಧ ಗಂಟೆಯ ಒಂದೇ ಒಂದು ಇಳಿಜಾರಿನ ಓಟವು ಆರು ವಾರಗಳವರೆಗೂ ರಕ್ಷಣೆ ಕೊಟ್ಟಿತು. ಹೃದಯವನ್ನು ಪಳಗಿಸಲು ತಿಂಗಳುಗಟ್ಟಲೆ ಪರಿಶ್ರಮ ಬೇಕು. ಇಳಿಯುವ ತೊಡೆಯಾದರೋ ಒಂದೇ ಪಾಠಕ್ಕೆ ಕಲಿಯುತ್ತದೆ, ಅದೂ ಪಾಠವು ಚಿಕ್ಕದಾಗಿದ್ದರೂ.

ಆದಕಾರಣ ಗುಡ್ಡದ ಓಟವನ್ನು ಆರಂಭಿಸುವವನು ಮೊದಲು ಹೆದರಬೇಕಾದುದು ಏರಿಗಲ್ಲ. ಏರು ತನ್ನ ಬೆಲೆಯನ್ನು ಅಲ್ಲಿಯೇ ವಸೂಲಿಮಾಡಿ ಕೈಬಿಡುತ್ತದೆ. ಇಟಲಿಯ ಮಿನೆಟ್ಟಿ ಮತ್ತು ಸಹೋದ್ಯೋಗಿಗಳು ಪರ್ವತದೋಟದಲ್ಲಿ ಪಳಗಿದವರನ್ನು ಅಳೆದು 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸಮತಲದಲ್ಲಿ ಪ್ರತಿ ಕಿಲೋಗ್ರಾಂ ದೇಹಭಾರವನ್ನು ಒಂದು ಮೀಟರ್ ದೂರ ಓಡಿಸಲು ಸುಮಾರು 3.4 ಜೂಲ್ ಶಕ್ತಿ ಬೇಕಾದರೆ, ನೂರು ಮೀಟರಿಗೆ ನಲವತ್ತೈದು ಮೀಟರ್ ಏರುವ ಕಡಿದಾದ ದಾರಿಯಲ್ಲಿ ಸುಮಾರು 19 ಜೂಲ್ ಬೇಕು. ಅಷ್ಟು ಕಡಿದಾದಲ್ಲಿ ನಡೆಯುವುದೇ ಓಡುವುದಕ್ಕಿಂತ ತುಸು ಅಗ್ಗವೆಂದೂ ಅದೇ ಲೆಕ್ಕ ಹೇಳುತ್ತದೆ; ಆದುದರಿಂದ ಏರಿನಲ್ಲಿ ನಡೆದರೆ ಮಾನಹಾನಿಯೆಂದು ಭಾವಿಸುವ ಹೊಸಬರು, ನುರಿತ ಓಟಗಾರರೆಲ್ಲ ಮಂಡಿಯ ಮೇಲೆ ಕೈಯೂರಿ ನಡೆಯುವುದನ್ನು ಒಮ್ಮೆ ನೋಡಿ ಸಮಾಧಾನ ತಂದುಕೊಳ್ಳಬಹುದು. ಇಳಿಜಾರಿನಲ್ಲಿ ಓಟ ಅತ್ಯಂತ ಅಗ್ಗವಾಗುವುದು ನೂರಕ್ಕೆ ಇಪ್ಪತ್ತರ ಇಳುಕಲಿನ ಆಸುಪಾಸಿನಲ್ಲಿ, ಸಮತಲದ ಅರ್ಧದಷ್ಟು ಖರ್ಚಿನಲ್ಲಿ. ಹೊಸಬರು ಮೈಮರೆತು ಹಾರುತ್ತ ಇಳಿಯುವುದೂ ಇಂಥಲ್ಲಿಯೇ. ಹೆಜ್ಜೆ ಚಿಕ್ಕದಾದಷ್ಟೂ, ಪಾದವು ದೇಹದ ಅಡಿಯಲ್ಲಿಯೇ ಬಿದ್ದಷ್ಟೂ, ಒಂದೊಂದು ಹೆಜ್ಜೆಯಲ್ಲಿ ತೊಡೆ ತಡೆಯಬೇಕಾದ ಭಾರ ಕಡಮೆಯಾಗುತ್ತದೆ. ದೃಷ್ಟಿಯು ಪಾದದ ತುದಿಯಲ್ಲಿರಬಾರದು. ಒರಟು ನೆಲದಲ್ಲಿ ನಡೆಯುವವರ ಕಣ್ಣುಗಳ ಜಾಡನ್ನು ಹಿಡಿದ ಅಮೆರಿಕದ ಒಂದು ಅಧ್ಯಯನವು, ಅವರು ಸುಮಾರು ಒಂದೂವರೆ ಸೆಕೆಂಡಿನ ಬಳಿಕ ತಾವು ತಲುಪಲಿರುವ ನೆಲವನ್ನೇ ನೋಡುತ್ತಿರುತ್ತಾರೆಂದು ಕಂಡುಕೊಂಡಿದೆ. ಓಡುವವನಿಗೆ ಆ ಒಂದೂವರೆ ಸೆಕೆಂಡಿನಲ್ಲಿ ದಾರಿ ಇನ್ನೂ ಉದ್ದವಾಗುತ್ತದೆ.

ಬೂಟುಗಳ ವಿಷಯದಲ್ಲಿ ಜಾಹೀರಾತುಗಳು ಹೇಳುವುದರಲ್ಲಿ ನನಗೆ ಅರ್ಧದಷ್ಟು ನಂಬಿಕೆ. ಒದ್ದೆಯಾದ ಜಂಬಿಟ್ಟಿಗೆಯ ಮೇಲೆ, ಕಾಫಿತೋಟದ ಕೆಸರಿನಲ್ಲಿ, ಅಡಿಯಲ್ಲಿ ಹಲ್ಲುಗಳುಳ್ಳ ಬೂಟು ಜಾರದೆ ಕಾಪಾಡುವುದು ನಿಜ, ಅಷ್ಟಕ್ಕೆ ಹಣ ಕೊಡುವುದು ಯುಕ್ತ. ಆದರೆ ಮೆತ್ತೆ ಎಷ್ಟೇ ದಪ್ಪವಾಗಿರಲಿ, ಮಂಡಿ ಮಡಿಯುವಾಗ ತೊಡೆಯು ಮಾಡಬೇಕಾದ ತಡೆಯುವ ಕೆಲಸವನ್ನು ಅದು ತಾನು ವಹಿಸಿಕೊಳ್ಳುವುದಿಲ್ಲ. ದುಡ್ಡಿಲ್ಲದ ಉಪಾಯ ಬೇರೊಂದುಂಟು: ಬಹುಮಹಡಿಯ ಕಟ್ಟಡದಲ್ಲಿ ಲಿಫ್ಟಿನಲ್ಲಿ ಏರಿ ಮೆಟ್ಟಿಲಿನಲ್ಲಿ ಇಳಿಯುವುದು. ನೆರೆಹೊರೆಯವರು ಸೋಮಾರಿಯೆಂದು ತಿಳಿದರೂ ವಿಜ್ಞಾನವು ನಿಮ್ಮ ಪಕ್ಷದಲ್ಲಿದೆ.

ಒಂದು ಎಚ್ಚರಿಕೆಯನ್ನು ಹೇಳದೆ ಬಿಡುವಂತಿಲ್ಲ. ಅಭ್ಯಾಸವಿಲ್ಲದ ಕಾಲಿಗೆ ಮಿತಿಮೀರಿದ ಇಳಿಜಾರಾದರೆ ನಾರುಗಳು ಒಡೆದು, ಅವುಗಳ ಮಯೊಗ್ಲೊಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕಾಡಬಹುದು. ನೋವಿನೊಡನೆ ಮೂತ್ರವು ಕಡುಕಂದು ಬಣ್ಣಕ್ಕೆ ತಿರುಗಿದರೆ ಮುಲಾಮು ಹಚ್ಚುತ್ತ ಕೂರದೆ ತಕ್ಷಣ ವೈದ್ಯರ ಬಳಿಗೆ ಹೋಗತಕ್ಕದ್ದು. ದೀರ್ಘ ಓಟದ ನಡುವೆ ನೋವುನಿವಾರಕ ಗುಳಿಗೆಗಳನ್ನು ನುಂಗುವುದೂ ಮೂತ್ರಪಿಂಡಗಳ ಮೇಲೆ ಇಮ್ಮಡಿ ಹೊರೆ ಹೊರಿಸಿದಂತೆಯೇ.

ಇನ್ನು, ಆರು ವಾರಗಳ ಆ ರಕ್ಷಣೆಗೆ ಅವಧಿಯುಂಟೆಂಬುದನ್ನು ಘಟ್ಟದ ಸೀಮೆಯಲ್ಲಿ ಓಡುವವರು ವಿಶೇಷವಾಗಿ ಗಮನಿಸಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಕಾಲುದಾರಿಗಳು ಜಾರುಗೆಸರಿಗೂ ಇಂಬಳಗಳಿಗೂ ವಶವಾಗಿರುವಾಗ ಬಹುಮಂದಿ ಊರಿನ ಸಮತಟ್ಟು ರಸ್ತೆಗಳಿಗೆ ಮರಳುತ್ತಾರೆ; ಆ ಓಟವು ಹೃದಯವನ್ನೂ ಶ್ವಾಸಕೋಶಗಳನ್ನೂ ಸುಸ್ಥಿತಿಯಲ್ಲಿಡುತ್ತದೆ, ಇಳಿಯುವ ಕಾಲಿಗೆ ಮಾತ್ರ ಅದರಿಂದ ಹೆಚ್ಚು ಲಾಭವಿಲ್ಲ. ಮಳೆಗಾಲದಲ್ಲಿಯೂ ತಿಂಗಳಿಗೊಮ್ಮೆಯಾದರೂ ಹತ್ತಿರದ ದಿಣ್ಣೆಯಿಂದ ಹತ್ತಿಪ್ಪತ್ತು ನಿಮಿಷ ಓಡಿ ಇಳಿದಿದ್ದರೆ ಸರಿ. ಇಲ್ಲವಾದರೆ ಅಕ್ಟೋಬರಿನ ಮೊದಲ ಓಟಕ್ಕೆ ಅರ್ಧ ಗುಡ್ಡವನ್ನಷ್ಟೇ ಏರಿ, ಹಿಂತಿರುಗಿ, ಒಂದು ವಾರ ಕಾಲಿಗೆ ಬಿಡುವು ಕೊಟ್ಟು, ಆಮೇಲೆ ಶಿಖರದ ಮಾತನ್ನಾಡುವುದು.