ಕಾಸರಕನ ಬೀಜಕ್ಕೂ ಕಂಪ್ಯೂಟರಿನಲ್ಲಿ ಉತ್ತರವಿದೆ!

ಮಳೆ ಹಿಡಿಯುವ ಮುಂಚೆ ಶಿರಸಿಯ ಹುಲಗೋಳದ ಕಡೆಯ ಯಾವುದಾದರೂ ಅಡಿಕೆ ಮನೆಯ ಹಿಂದಿನ ಕೊಟ್ಟಿಗೆಗೆ ಹೊಕ್ಕು ನೋಡಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ತಂದಿಟ್ಟ ಮೈಲುತುತ್ತ, ಪಕ್ಕದಲ್ಲಿ ಸುಣ್ಣ, ಅಟ್ಟದ ಮೂಲೆಯಲ್ಲಿ ಕಳೆನಾಶಕದ ಬಾಟಲಿ, ಇಲಿಪಾಷಾಣ. ತೋಟ ದಾಟಿ ಬೆಟ್ಟಕ್ಕೆ ಹೋದರೆ ಕಾಸರಕನ ಮರ, ಬೇಲಿ ತುಂಬ ಗೌರಿ ಹೂವಿನ ಬಳ್ಳಿ. ಅಬ್ಬಾ, ಇಷ್ಟೊಂದು ವಿಷಗಳ ನಡುವೆ ಎಷ್ಟು ನಿಶ್ಚಿಂತೆಯಿಂದ ಉಂಡು ಮಲಗುತ್ತೇವೆ!

ಇವೆಲ್ಲಕ್ಕೂ ಏನು ಮಾಡಬೇಕೆಂದು ಒಬ್ಬ ಡಾಕ್ಟರು ಬಾಯಿಪಾಠ ಮಾಡಿಟ್ಟುಕೊಳ್ಳಲು ಆಗುತ್ತದೆಯೆ? ಆಗದು. ಆಗಬೇಕಾಗಿಯೂ ಇಲ್ಲ! ವೈದ್ಯರು, ನರ್ಸುಗಳು ಕೇಳಲೆಂದೇ ವಿಷದ ಮಾಹಿತಿ ಕೇಂದ್ರಗಳಿವೆ, ಅವರು ತೆರೆದು ನೋಡಲೆಂದೇ ಜಾಲತಾಣಗಳಿವೆ. ಷಿಕಾಗೋದಲ್ಲಿ ಗ್ಡಾಲ್ಮನ್ ಎಂಬ ಫಾರ್ಮಸಿಸ್ಟ್ ಸಾವಿರಾರು ಚಿಕ್ಕ ಚೀಟಿಗಳಲ್ಲಿ ವಿಷಗಳ ವಿವರ ಬರೆದಿಟ್ಟಿದ್ದರು. 1953ರಲ್ಲಿ ಅದೇ ಊರಿನಲ್ಲಿ ಅಮೆರಿಕದ ಮೊದಲ ಕೇಂದ್ರ ಶುರುವಾಯಿತು. ನಮ್ಮ ಹಳ್ಳಿಗಳಲ್ಲಿ ಫೋನೇ ಅಪರೂಪವಾಗಿದ್ದ 1983ರಲ್ಲಿ ಎಡಿನ್‌ಬರೋದ 'ಟಾಕ್ಸ್‌ಬೇಸ್' ಎಂಬ ವಿಷದ ಮಾಹಿತಿ ಕೋಶ ಟೆಲಿಫೋನ್ ತಂತಿಯಲ್ಲೇ ಆಸ್ಪತ್ರೆಗಳಿಗೆ ಮಾಹಿತಿ ಕಳಿಸುತ್ತಿತ್ತು! 1999ರಲ್ಲಿ ಅದು ಇಂಟರ್ನೆಟ್ಟಿಗೆ ಬಂತು. ನಮ್ಮ ದೇಶದ ರಾಷ್ಟ್ರೀಯ ಕೇಂದ್ರ ದೆಹಲಿಯ ಏಮ್ಸ್‌ನಲ್ಲಿ 1995ರಿಂದ ಇದೆ, ರಾತ್ರಿ ಹಗಲೂ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ 'ಇಂಕೆಮ್' ತಾಣವನ್ನಂತೂ ಕಾಸು ಕೊಡದೆ ಓದಬಹುದು.

ಅಲ್ಲಿ ಹುಡುಕಿದರೆ ನಮ್ಮ ಬೆಟ್ಟದ ಕಾಸರಕನೇ ಸಿಗಬೇಕೆ! ಕಿತ್ತಳೆ ಬಣ್ಣದ ಹಣ್ಣು, ಒಳಗೆ ಅಂಗಿಯ ಗುಂಡಿಯಂಥ ಚಪ್ಪಟೆ ಬೀಜ, ಮುಟ್ಟಿದರೆ ರೇಷ್ಮೆಯ ನುಣುಪು. ಮಂಗಟ್ಟೆ ಹಕ್ಕಿ ಅದರ ತಿರುಳು ತಿಂದು ಹಾಯಾಗಿರುತ್ತದೆ. ಮನುಷ್ಯ ಬೀಜ ಅಗಿದರೆ ಅದರೊಳಗಿನ ಸ್ಟ್ರಿಕ್ನಿನ್ ಎಂಬ ವಿಷ ಬೆನ್ನುಹುರಿಯ ಕಡಿವಾಣವನ್ನೇ ಕಳಚುತ್ತದೆ. ರೋಗಿಗೆ ಪೂರ್ತಿ ಎಚ್ಚರವಿರುತ್ತದೆ, ಆದರೆ ಒಂದು ಸದ್ದು, ಒಂದು ಸ್ಪರ್ಶ ಸಾಕು, ಮೈ ಬಿಲ್ಲಿನಂತೆ ಸೆಟೆಯುತ್ತದೆ. ಹಾಗಾಗಿ ಸೆಳೆತ ತಡೆಯುವ ಔಷಧಿಯ ಜೊತೆಗೆ ರೋಗಿಯನ್ನು ಸದ್ದಿಲ್ಲದ ಮಬ್ಬುಗತ್ತಲ ಕೋಣೆಯಲ್ಲಿ ಮಲಗಿಸಬೇಕು. ಮಂಚದ ಸುತ್ತ ಅಳುತ್ತ ನಿಲ್ಲುವ ನಮ್ಮ ನೆಂಟರಿಷ್ಟರನ್ನು ಹೊರಗೆ ಕಳಿಸುವುದೂ ಚಿಕಿತ್ಸೆಯೇ!

ಇನ್ನೊಂದು ಕೇಳಿ. ಕಳೆನಾಶಕ ಪ್ಯಾರಾಕ್ವಾಟ್ ಕುಡಿದವರಿಗೆ ಉಸಿರು ಕಷ್ಟವಾದರೆ ಆಮ್ಲಜನಕ ಕೊಡುವುದೇ ಸರಿ ಅನಿಸುತ್ತದಲ್ಲವೆ? ಆ ವಿಷ ಶ್ವಾಸಕೋಶ ಸುಡಲು ಬಳಸುವುದು ಆಮ್ಲಜನಕವನ್ನೇ! ರಕ್ತದಲ್ಲಿ ಅದು ತೀರ ಕಡಿಮೆಯಾಗುವ ತನಕ ಕೊಡಬೇಡಿ ಎಂಬ ಸಾಲನ್ನು ಓದಿದಾಗ ನಾನು ದಂಗಾದೆ. ಇಂಥದ್ದು ಯಾರ ಊಹೆಗೂ ಬರುವಂಥದ್ದಲ್ಲ, ಯಾರಾದರೂ ಬರೆದಿಟ್ಟಿರಲೇಬೇಕು.

ಗುಡ್ಡ ಹತ್ತದೆ ನೆಟ್‌ವರ್ಕ್ ಸಿಗದ ಮನೆಗಳು ನಮ್ಮಲ್ಲಿ ಇನ್ನೂ ಇವೆ, ನಿಜ. ಆದರೆ ಮಾಹಿತಿ ಬೇಕಾದದ್ದು ಶಿರಸಿಯ ಆಸ್ಪತ್ರೆಯಲ್ಲಿ ಕೂತ ಡಾಕ್ಟರಿಗೆ. ಅವರು ಹುಡುಕಬೇಕಾದರೆ ಮೊದಲು ವಿಷದ ಹೆಸರು ಗೊತ್ತಾಗಬೇಕು. 'ತೋಟಕ್ಕೆ ಹೊಡೆಯುವ ಮದ್ದು' ಎಂದರೆ ಯಾವ ತಾಣವೂ ಉತ್ತರ ಕೊಡುವುದಿಲ್ಲ.

ಆದ್ದರಿಂದ ಬಾಟಲಿಯ ಲೇಬಲ್ ಕೀಳಬೇಡಿ, ಕಳೆನಾಶಕವನ್ನು ನೀರಿನ ಬಾಟಲಿಗೆ ಸುರಿದಿಡಬೇಡಿ. ಅನಾಹುತವಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಕೂರದೆ ಬಾಟಲಿ, ಬೀಜ, ಎಲೆ ಏನಿದೆಯೋ ಅದನ್ನು ಹಿಡಿದು ಗಾಡಿ ಹತ್ತಿ. ಏಮ್ಸ್ ಕೇಂದ್ರದ ಉಚಿತ ಸಂಖ್ಯೆ 1800 116 117. ಕೊಟ್ಟಿಗೆಯ ಬಾಗಿಲಿಗೆ ಇವತ್ತೇ ಬರೆದು ಅಂಟಿಸಿ.