ನಿಲ್ಲಿಸಿದರೂ ತಣಿಯದ ಸ್ಥಾವರ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗುತ್ತಿದೆ. ಅಲ್ಲಿ ನೀರು ನಿಲ್ಲಿಸಿದರೆ ಟರ್ಬೈನೂ ನಿಲ್ಲುತ್ತದೆ, ಅಲ್ಲಿಗೆ ಮುಗಿಯಿತು. ಕಾಳಿ ನದಿ ದಂಡೆಯ ಕೈಗಾದ ನಾಲ್ಕು ಅಣುವಿದ್ಯುತ್ ಘಟಕಗಳ ಲೆಕ್ಕ ಬೇರೆ. ಯುರೇನಿಯಂ ಒಡೆಯುವುದನ್ನು ನಿಲ್ಲಿಸಿದರೂ, ಒಡೆದ ಚೂರುಗಳು ಕ್ಷಯಿಸುತ್ತ ಶಾಖ ಬಿಡುತ್ತಲೇ ಇರುತ್ತವೆ. ಇದನ್ನು ಕ್ಷಯಶಾಖ ಎನ್ನುತ್ತಾರೆ.

220 ಮೆಗಾವಾಟ್ ವಿದ್ಯುತ್ ಕೊಡುವ ಕೈಗಾದ ಒಂದು ಘಟಕದಲ್ಲಿ ಹುಟ್ಟುವ ಶಾಖ ಸುಮಾರು 750 ಮೆಗಾವಾಟ್. ನಿಲ್ಲಿಸಿದ ಕ್ಷಣ ಅದರ ಶೇ 6ರಷ್ಟು ಉಳಿದಿರುತ್ತದೆ. ಒಂದು ದಿನ ಕಳೆದರೂ ಶೇ 0.5, ಅಂದರೆ ಸುಮಾರು 4 ಮೆಗಾವಾಟ್. ಅದನ್ನು ನೀರು ಕುದಿಸಿಯೇ ಕಳೆಯಬೇಕೆಂದರೆ ಗಂಟೆಗೊಂದು ಟ್ಯಾಂಕರ್, 5 ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ನೀರು ತಪ್ಪಿದರೆ ಇಂಧನ ಕಾಯುತ್ತ ಹೋಗುತ್ತದೆ. 1,200 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅದರ ಜಿರ್ಕೋನಿಯಂ ಕವಚ ಹಬೆಯೊಡನೆ ವೇಗವಾಗಿ ವರ್ತಿಸಿ ಹೈಡ್ರೋಜನ್ ಬಿಡುತ್ತದೆ. ಆ ಕ್ರಿಯೆಯೇ ಇನ್ನಷ್ಟು ಶಾಖ ಹುಟ್ಟಿಸುತ್ತದೆ. ಕೊನೆಗೆ ಇಂಧನವೇ ಕರಗುತ್ತದೆ.

ನೀರು ಹಾಯಿಸುವ ಪಂಪುಗಳಿಗೆ ಕರೆಂಟು ಬೇಕು; ಅದಕ್ಕೆ ಸ್ಥಾವರಗಳಲ್ಲಿ ಬದಲಿ ವ್ಯವಸ್ಥೆ ಇದ್ದೇ ಇರುತ್ತದೆ. ಆದರೆ ಒಂದೇ ಪೆಟ್ಟಿಗೆ ಮುಖ್ಯದ್ದೂ ಬದಲಿಯೂ ಬೀಳಬಹುದು. ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ 1993ರ ಮಾರ್ಚ್ 31ರಂದು ಟರ್ಬೈನಿನ ಅಲಗು ಮುರಿದು ಬೆಂಕಿ ಹತ್ತಿತು. ಮುಖ್ಯ ಕೇಬಲ್, ಬದಲಿ ಕೇಬಲ್‌ಗಳನ್ನು ಸಾಕಷ್ಟು ದೂರ ಇಟ್ಟಿರಲಿಲ್ಲ, ಎರಡೂ ಸುಟ್ಟವು. ಸುಮಾರು 17 ಗಂಟೆ ಕರೆಂಟಿಲ್ಲ. ಬೆಂಕಿ ಆರಿಸುವ ಡೀಸೆಲ್ ಪಂಪುಗಳಿಂದ ನೀರು ಹಾಯಿಸಿ ಸಿಬ್ಬಂದಿ ಅನಾಹುತ ತಪ್ಪಿಸಿದರು. 2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರಕ್ಕೆ ಆ ಅದೃಷ್ಟವಿರಲಿಲ್ಲ, ಇಂಧನ ಕರಗಿತು.

ಫುಕುಶಿಮಾದ ನಂತರ ನಮ್ಮ ಸ್ಥಾವರಗಳಿಗೆ ಹೊರಗಿನಿಂದ ನೀರು ಹಾಯಿಸುವ ಜೋಡಣೆಗಳು ಬಂದಿವೆ. ಆದರೆ ಹೊರಗಿನ ನೆರವಿಗೆ ರಸ್ತೆ ಬೇಕು. 2024ರ ಜುಲೈ 16ರಂದು ಕೈಗಾ ಇರುವ ಉತ್ತರ ಕನ್ನಡ ಜಿಲ್ಲೆಯದೇ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತು. ಕರೆಂಟಿನ ತಂತಿ ಕಡಿಯುವ ಮಳೆಯೇ ದಾರಿಯನ್ನೂ ಕಡಿಯುತ್ತದೆ.

ಸ್ಥಾವರಗಳ ಈ ಸಿದ್ಧತೆಯನ್ನು ಪ್ರಶ್ನಿಸಬೇಕಾದ ಅಣುಶಕ್ತಿ ನಿಯಂತ್ರಣ ಮಂಡಳಿ, ದಶಕಗಳ ಕಾಲ ಅಣುಶಕ್ತಿಯನ್ನು ಬೆಳೆಸುವ ಆಯೋಗಕ್ಕೇ ವರದಿ ಒಪ್ಪಿಸುತ್ತಿತ್ತು. ಕೆಲವು ಉಲ್ಲಂಘನೆಗಳಿಗೆ ದಂಡ ಬರೀ 500 ರೂಪಾಯಿ ಎಂದು ಮಹಾಲೇಖಪಾಲರು 2012ರಲ್ಲಿ ಎತ್ತಿ ತೋರಿಸಿದ್ದರು. ಅಣುಶಕ್ತಿ ಕುರಿತ 2025ರ ‘ಶಾಂತಿ’ (SHANTI) ಕಾಯ್ದೆ ಮಂಡಳಿಗೆ ಶಾಸನದ ಬಲ ಕೊಟ್ಟಿದೆ. ಜೊತೆಗೇ ಖಾಸಗಿ ಕಂಪನಿಗಳನ್ನೂ ಈ ಕ್ಷೇತ್ರಕ್ಕೆ ಬಿಟ್ಟುಕೊಂಡಿದೆ.

ಕೈಗಾಕ್ಕೆ ಬರಲಿರುವ 700 ಮೆಗಾವಾಟಿನ ಎರಡು ಘಟಕಗಳಲ್ಲಿ ತಲಾ ಶಾಖ ಸುಮಾರು ಮೂರು ಪಟ್ಟು. ಕರೆಂಟಿಲ್ಲದೆ ತಣಿಸುವ ವ್ಯವಸ್ಥೆ ಅವುಗಳಲ್ಲಿದೆ, ಆದರೆ ಅದರ ತೊಟ್ಟಿಯ ನೀರೂ ಗಂಟೆಗಳ ಲೆಕ್ಕದ್ದು. ಕರೆಂಟೂ ರಸ್ತೆಯೂ ಒಟ್ಟಿಗೇ ಕಡಿದರೆ ಕೈಗಾ ಎಷ್ಟು ಗಂಟೆ ತಾಳೀತು? ಹೊಸ ಘಟಕಗಳಿಗೆ ಇಂಧನ ತುಂಬುವ ಮುನ್ನ, ಮಳೆಗಾಲದಲ್ಲೇ ಅಣಕು ಪರೀಕ್ಷೆ ನಡೆಸಿ, ಮಂಡಳಿ ಆ ಅಂಕಿಯನ್ನು ಕನ್ನಡದಲ್ಲಿ ಪ್ರಕಟಿಸಲಿ.