ತಾಳಿಕೋಟೆಗೆ ಮುಂಚೆ ಏನಾಗಿತ್ತು?

ಹೈಸ್ಕೂಲಲ್ಲಿ 1565 ಅಂದ್ರೆ ನನಗೆ ಎರಡು ಮಾರ್ಕ್ಸ್ ಅಷ್ಟೇ. ತಾಳಿಕೋಟೆ ಯುದ್ಧ, ವಿಜಯನಗರದ ಪತನ, ಮುಗೀತು. ಕಳೆದ ರಜೆಯಲ್ಲಿ ಬನಶಂಕರಿಯ ನಮ್ಮ ಪಿಜಿ ಗೆಳೆಯರ ಜೊತೆ ಹಂಪಿಗೆ ಹೋದಾಗ ಅಲ್ಲೊಂದು ಹಳೇ ಮಸೀದಿ ನೋಡಿದೆ. ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ್ದು. 'ಶತ್ರುಗಳ' ಮಸೀದಿ ರಾಜಧಾನಿಯ ಒಳಗೇ ಯಾಕಿದೆ ಅಂತ ಓದೋಕೆ ಶುರು ಮಾಡಿದೆ.

ಮೊದಲು ಈ ಸುಲ್ತಾನರು ಯಾರು ಅಂತ ನೋಡೋಣ. ಗೋಲ್ಕೊಂಡದ ಕುತುಬ್ ಶಾಹಿ ಮನೆತನ ಶುರು ಮಾಡಿದ ಸುಲ್ತಾನ್ ಕುಲಿ ಇರಾನಿನ ಹಮದಾನ್ ಕಡೆಯ ತುರ್ಕಮಾನ. ಅವನ ಕುಲದ ಹೆಸರು ಕಾರಾ ಕೊಯುನ್ಲು, ಅಂದ್ರೆ 'ಕಪ್ಪು ಕುರಿಯವರು'. ಬಿಜಾಪುರದ ಯೂಸುಫ್ ಆದಿಲ್ ಖಾನನನ್ನೂ ಹಲವು ಇತಿಹಾಸಕಾರರು ತುರ್ಕಮಾನ ಅಂತಲೇ ಹೇಳ್ತಾರೆ.

ಇವರ ಮನೆತನದವರು ವಿಜಯನಗರಕ್ಕೆ ಬಂದಿದ್ದು ಬರೀ ಯುದ್ಧಕ್ಕಲ್ಲ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ ಮೇಲೆ ಸಿಂಹಾಸನಕ್ಕೆ ಜಗಳ ಶುರುವಾಯ್ತು. ಒಂದು ಕಡೆ ಅಳಿಯ ರಾಮರಾಯ, ಇನ್ನೊಂದು ಕಡೆ ಸಲಕರಾಜು ತಿರುಮಲ. ರಾಮರಾಯನನ್ನು ತಡೆಯೋಕೆ ತಿರುಮಲ ಬಿಜಾಪುರದ ಇಬ್ರಾಹಿಂ ಆದಿಲ್ ಶಾಹನನ್ನೇ ಕರೆಸಿದ, ಅದಕ್ಕೆ ದೊಡ್ಡ ಮೊತ್ತದ ಹಣವನ್ನೂ ಕೊಟ್ಟ ಅಂತ ಫೆರಿಷ್ತಾ ಬರೀತಾನೆ. ಕೊನೆಗೆ ಗೆದ್ದವನು ರಾಮರಾಯ.

ಆಮೇಲೆ ಆಟ ತಿರುಗಿತು. 1543ರಲ್ಲಿ ಸುಲ್ತಾನ್ ಕುಲಿಯ ಕೊಲೆಯಾದಾಗ ಅವನ ಮಗ ಇಬ್ರಾಹಿಂ ಓಡಿಬಂದು ಏಳು ವರ್ಷ ವಿಜಯನಗರದಲ್ಲೇ ಇದ್ದ. 1550ರಲ್ಲಿ ವಾಪಸ್ ಹೋಗಿ ಸುಲ್ತಾನನಾದ. ತೆಲುಗು ಕವಿಗಳು ಅವನನ್ನ ಪ್ರೀತಿಯಿಂದ 'ಮಲ್ಕಿಭರಾಮ' ಅಂತ ಕರೆದ್ರು. ಬಿಜಾಪುರದ ಅಲಿ ಆದಿಲ್ ಶಾಹ ಕೂಡ ರಾಮರಾಯನ ಜೊತೆ ಸೇರಿ ಅಹ್ಮದ್‌ನಗರದ ಮೇಲೆ ಯುದ್ಧ ಮಾಡಿದ. ಒಬ್ಬ ಸುಲ್ತಾನನನ್ನ ಇನ್ನೊಬ್ಬನ ಮೇಲೆ ಬಿಡೋದೇ ರಾಮರಾಯನ ರಾಜಕೀಯ. ಆದ್ರೆ ಅವನ ಬಲ ಜಾಸ್ತಿಯಾದಷ್ಟೂ ಎಲ್ಲರಿಗೂ ಭಯ. ಅಲಿ ಅಹ್ಮದ್‌ನಗರದ ಚಾಂದ್ ಬೀಬಿಯನ್ನ ಮದುವೆಯಾಗಿ ಹಳೇ ಶತ್ರುವಿನ ಜೊತೆ ರಾಜಿಯಾದ. 1565ರ ಜನವರಿಯಲ್ಲಿ ಅವನೂ, ಅದೇ ಇಬ್ರಾಹಿಂನೂ ರಾಮರಾಯನ ಎದುರು ನಿಂತ್ರು.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಈಗಿನ ಟರ್ಕಿಯಲ್ಲಿದ್ದ ಬೈಜಾಂಟಿಯಂ ಸಾಮ್ರಾಜ್ಯ 1071ರಲ್ಲಿ ಮಂಜಿಕರ್ಟ್ ಯುದ್ಧ ಸೋತಿತು. ಆದ್ರೆ ಅದಾದ ಮೇಲೆ ತುರ್ಕರಿಗೆ ಎಷ್ಟೋ ಊರಿನ ಬಾಗಿಲು ತೆರೆದವರು ಒಳಗಿನವರೇ. 1078ರಲ್ಲಿ ಬೊಟಾನಿಯಾಟಿಸ್ ಎಂಬ ಸೇನಾಪತಿ ತುರ್ಕ ನಾಯಕ ಸುಲೈಮಾನನ ಸಹಾಯದಿಂದ ಚಕ್ರವರ್ತಿಯಾದ. ಸ್ವಲ್ಪ ದಿನಕ್ಕೆ ಮೆಲಿಸ್ಸೆನೋಸ್ ಎಂಬ ಇನ್ನೊಬ್ಬ, ತಾನೂ ಪಟ್ಟಕ್ಕೇರಬೇಕು ಅಂತ ಊರುಗಳ ಕಾವಲಿಗೆ ತುರ್ಕ ಸೈನಿಕರನ್ನ ಇಟ್ಟ. ಅವರು ವಾಪಸ್ ಹೋಗ್ಲಿಲ್ಲ. ರಾಜಧಾನಿಗೆ ಹತ್ತಿರದ ನೈಸಿಯಾ ಸುಲೈಮಾನನ ಪಾಲಾಯ್ತು.

ಜನವರಿ ಬಂದ್ರೆ ತಾಳಿಕೋಟೆ ಬಗ್ಗೆ ವಾಟ್ಸ್ಆ್ಯಪ್ ಫಾರ್ವರ್ಡ್‌ಗಳು ಬರುತ್ವೆ, ಬರೀ ಎರಡು ಧರ್ಮಗಳ ಯುದ್ಧ ಅಂತ. ಧರ್ಮದ ಮಾತು ಅಲ್ಲಿ ಇರಲೇ ಇಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಎದುರು ನಿಂತವರಲ್ಲಿ ಒಬ್ಬ ಏಳು ವರ್ಷ ವಿಜಯನಗರದ ಅನ್ನ ಉಂಡವನು. ಮುಂದಿನ ಸಲ ಅಂಥ ಫಾರ್ವರ್ಡ್ ಬಂದ್ರೆ, ಅದನ್ನ ಮುಂದೆ ಕಳಿಸೋ ಮುಂಚೆ ಇಬ್ರಾಹಿಂನ ಕಥೆ ಒಂದ್ಸಲ ನೆನಪು ಮಾಡ್ಕೊಳ್ಳಿ.